ಗಳೆ, ಜರೀಬು, ಸರಪಳಿ: ಬೀದರ ಸೀಮೆಯ ಭೂಮಾಪನದ ಪರಿಭಾಷೆ ಹಾಗೂ ಸಾಧನಗಳು

ಬೀದರ, ಭಾಲ್ಕಿ ಅಥವಾ ಔರಾದ ತಾಲ್ಲೂಕಿನ ಯಾವುದಾದರೊಂದು ಗ್ರಾಮದ ಪಹಣಿಪತ್ರವನ್ನೂ ಅದಕ್ಕೆ ಸಂಬಂಧಿಸಿದ ಹಳೆಯ ಮೋಜಣಿ ಕಾಗದಗಳನ್ನೂ ಮುಂದಿಟ್ಟುಕೊಂಡು ಓದತೊಡಗಿದರೆ, ಹಲವು ಭಾಷೆಗಳ ಪದಗಳು ಒಂದರ ಮಗ್ಗುಲಲ್ಲೊಂದು ನಿಂತಿರುವುದು ಕಾಣುತ್ತದೆ. ಪಹಣಿ, ಮೋಜಣಿ, ಪೋಡಿ, ಬಾಂದು ಎಂಬಿವು ಮರಾಠಿಯ ದಾರಿಯಿಂದ ಬಂದವು. ಹದ್ದು, ಹಿಸ್ಸೆ, ಖರಾಬು, ಖುಷ್ಕಿ, ತರಿ, ನಕ್ಷೆ ಎಂಬಿವು ಅರಬ್ಬಿ-ಪಾರಸಿ ಮೂಲದವು. ಸರ್ವೆ ನಂಬರು, ಎಕರೆ, ಚೈನು ಇಂಗ್ಲಿಷಿನವು. ಹೊಲ, ಬದು, ಕೋಲು, ಗಳೆ ಎಂಬಿವು ಅಚ್ಚ ಕನ್ನಡದವು. ಒಂದೇ ಹೊಲದ ವಿಷಯವನ್ನು ಹೇಳಲು ಇಷ್ಟು ಭಾಷೆಗಳು ಬೇಕಾದುದೇಕೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಈ ಪದಗಳು ಅಕಸ್ಮಾತ್ತಾಗಿ ಬೆರೆತವಲ್ಲ. ಈ ಸೀಮೆಯನ್ನು ಆಳಿದ ಪ್ರತಿಯೊಂದು ರಾಜ್ಯವೂ ನೆಲವನ್ನು ತನ್ನ ರೀತಿಯಲ್ಲಿ ಅಳೆಯಲೆಳಸಿತು. ಅಳೆಯುವಾಗ ತನ್ನ ಸಾಧನವನ್ನೂ ಅದರ ಹೆಸರನ್ನೂ ಬಿಟ್ಟುಹೋಯಿತು. ಅಲ್ಲದೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಎರಡು ಬಗೆಯ ಮಾಪನಗಳು ನಡೆದವು. ಒಂದು ಭೂಗೋಲದ ಆಕಾರವನ್ನೇ ಅಳೆಯಲು ಹೊರಟಿತು; ಹೊಲ ಯಾರದೆಂಬುದು ಅದಕ್ಕೆ ಬೇಕಿರಲಿಲ್ಲ. ಇನ್ನೊಂದು ರೈತನ ಹೊಲವನ್ನು ಅಳೆಯಿತು. ಭೂಗೋಲದ ಆಕಾರ ಅದಕ್ಕೆ ಬೇಕಿರಲಿಲ್ಲ. ಈ ಎರಡೂ ಒಂದೇ ನೆಲದ ಮೇಲೆ ನಡೆದರೂ ಬಹುಕಾಲ ಒಂದನ್ನೊಂದು ಸಂಧಿಸಲಿಲ್ಲ. ಇದರ ಪರಿಣಾಮವನ್ನು ಇಂದಿಗೂ ಬದುವಿನ ವ್ಯಾಜ್ಯಗಳಲ್ಲಿ ಕಾಣಬಹುದಾಗಿದೆ. ಇದನ್ನು ವಿವರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

1. ಕಲ್ಯಾಣದ ಕಾಲದ ಅಳತೆ

ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಿತೆಂಬುದು ಸರ್ವವಿದಿತ. ಆ ಕಾಲದ ಕನ್ನಡ ಶಾಸನಗಳಲ್ಲಿ ಭೂಮಿಯನ್ನು ಮತ್ತರು ಮತ್ತು ಕಮ್ಮಗಳ ಲೆಕ್ಕದಲ್ಲಿ ದಾನ ಮಾಡಿರುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ಅಳೆಯುವ ಸಾಧನ ಕೋಲು ಅಥವಾ ಗಳೆ. ಆದರೆ ಕನ್ನಡ ನಾಡಿನಲ್ಲೆಲ್ಲ ಒಂದೇ ಉದ್ದದ ಗಳೆ ಇರಲಿಲ್ಲ. ಶಾಸನಗಳು ಬೇರೆಬೇರೆ ಹೆಸರಿನ ಗಳೆಗಳನ್ನು ಹೆಸರಿಸಿ, ಇಂಥ ಗಳೆಯಲ್ಲಿ ಇಷ್ಟು ಮತ್ತರು ಎಂದು ಎಚ್ಚರದಿಂದ ಬರೆಯುತ್ತವೆ. ಆದುದರಿಂದ ಒಂದೂರಿನ ಮತ್ತರನ್ನು ಇನ್ನೊಂದೂರಿನ ಮತ್ತರಿಗೆ ಸಮವೆಂದು ಎಣಿಸಿ ಎಕರೆಗೆ ತಿರುಗಿಸಹೊರಡುವುದು ಯುಕ್ತವಲ್ಲ. ಗಳೆಯ ಹೆಸರನ್ನು ಬರೆದುದರಲ್ಲಿಯೇ, ಅಳತೆಯು ಸ್ಥಳದಿಂದ ಸ್ಥಳಕ್ಕೆ ಬದಲಾಗುವುದೆಂಬ ಅರಿವು ಆ ಲಿಪಿಕಾರರಿಗೆ ಇದ್ದಿತೆಂಬುದು ಸ್ಪಷ್ಟವಾಗುತ್ತದೆ.

ಅಳತೆಗಿಂತ ಮುಖ್ಯವಾದುದು ಎಲ್ಲೆಯ ನಿರ್ಣಯ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸೀಮಾವಿವಾದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ನಾರದನನ್ನು ಅನುಸರಿಸಿ ಅಲ್ಲಿ ಐದು ಬಗೆಯ ಸೀಮೆಗಳನ್ನು ಹೇಳಿದೆ. ಮರಗಳಿಂದ ಗುರುತಾದುದು ಧ್ವಜಿನೀ. ನೀರಿನಿಂದ ಗುರುತಾದುದು ಮತ್ಸ್ಯಿನೀ. ನೆಲದಲ್ಲಿ ಹೂತಿಟ್ಟ ಹೊಟ್ಟು, ಇದ್ದಲುಗಳಿಂದ ಗುರುತಾದುದು ನೈಧಾನೀ. ಇಬ್ಬರೂ ಒಪ್ಪಿ ನಿಲ್ಲಿಸಿಕೊಂಡುದು ಭಯವರ್ಜಿತಾ. ಗುರುತೇನೂ ಉಳಿಯದಿರಲು ರಾಜಾಜ್ಞೆಯಿಂದ ನಿಂತುದು ರಾಜಶಾಸನನೀತಾ. ಇದ್ದಲು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಮೇಲಿನ ಕಲ್ಲನ್ನು ಸರಿಸಿದವನು ಕೆಳಗಿನ ಇದ್ದಲನ್ನು ಸರಿಸಲಾರನು. ಗುರುತುಗಳು ಸಂದಿಗ್ಧವಾದಾಗ ನೆರೆಯ ಹಳ್ಳಿಗರು, ವೃದ್ಧರು, ದನಗಾಹಿಗಳು, ಒಕ್ಕಲಿಗರು ಬಂದು ಸಾಕ್ಷಿ ಹೇಳಬೇಕು. ಸೀಮೆಯನ್ನು ನಡೆದು ತೋರಿಸುವವರು ಕೆಂಪು ಹೂಮಾಲೆ, ಕೆಂಪು ವಸ್ತ್ರ ಧರಿಸಿ ತಲೆಯ ಮೇಲೆ ಮಣ್ಣು ಹೊತ್ತು ನಡೆಯಬೇಕು. ಇಲ್ಲಿ ನಕ್ಷೆಯ ಮಾತೇ ಇಲ್ಲ. ನೆನಪು ಮತ್ತು ಆಣೆ ಇವೆರಡೇ ದಾಖಲೆ.

2. ಬಹಮನಿ ಮತ್ತು ಮೊಗಲರ ಕಾಲ

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬೀದರವು ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಆ ಶತಮಾನದ ಉತ್ತರಾರ್ಧದಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನನು ನಾಲ್ಕು ತರಫುಗಳನ್ನು ಎಂಟಾಗಿ ವಿಭಾಗಿಸಿದುದಲ್ಲದೆ, ಹಳ್ಳಿಗಳ ಎಲ್ಲೆಗಳನ್ನು ಗೊತ್ತುಪಡಿಸಿ ಭೂಮಿಯನ್ನು ಅಳೆಯಿಸಿದನೆಂದು ಇತಿಹಾಸಕಾರರು ಹೇಳುವರು. 1472ರಲ್ಲಿ ಅವನು ಕಟ್ಟಿಸಿದ ಮದರಸೆಯು ಬೀದರ ನಗರದಲ್ಲಿ ಇಂದಿಗೂ ನಿಂತಿದೆ. ಅಳೆದ ಭೂಮಿಯ ಉತ್ಪನ್ನವು ಸರ್ಕಾರಕ್ಕೆ ಗೊತ್ತಾಗುತ್ತದೆ. ಸರದಾರನು ಮರೆಮಾಚಲು ಅವಕಾಶವಿರುವುದಿಲ್ಲ. ಗವಾನನ ಮೇಲೆ ಸರದಾರರಿಗೆ ಹುಟ್ಟಿದ ದ್ವೇಷವು 1481ರಲ್ಲಿ ಅವನ ವಧೆಯಲ್ಲಿ ಕೊನೆಗೊಂಡಿತು. ಆ ದ್ವೇಷಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಸರದಾರರ ಅಧಿಕಾರವನ್ನು ಮೊಟಕುಗೊಳಿಸಿದ ಈ ಸುಧಾರಣೆಗಳೂ ಸೇರಿದ್ದವೆಂಬುದನ್ನು ಮರೆಯಲಾಗದು.

1657ರಲ್ಲಿ ಬೀದರ ಕೋಟೆಯು ಔರಂಗಜೇಬನ ವಶವಾಯಿತು. ಅವನು ದಕ್ಷಿಣದ ಸುಬೇದಾರನಾಗಿದ್ದಾಗ ದಿವಾನನಾಗಿದ್ದ ಮುರ್ಷಿದ್ ಕುಲಿಖಾನನು ಉತ್ತರದ ತೋಡರಮಲ್ಲನ ಪದ್ಧತಿಯನ್ನು ದಖನ್ನಿಗೆ ಹೊಂದಿಸಿ ಜಾರಿಗೆ ತಂದನು. ಅಳೆಯುವ ಸಾಧನಕ್ಕೆ ಜರೀಬು ಎಂಬ ಹೆಸರು, ಅಳೆಯುವ ಕಾರ್ಯಕ್ಕೆ ಪೈಮಾಯಿಷಿ ಎಂಬ ಹೆಸರು, ಕ್ಷೇತ್ರಕ್ಕೆ ಬಿಘಾ ಎಂಬ ಹೆಸರು ಪಾರಸಿ ಆಡಳಿತದ ಮಾತುಗಳಾಗಿ ಬಂದವು. ಹೊಲದ ಎಲ್ಲೆಗೆ ಹದ್ದು ಎಂಬುದು ಅರಬ್ಬಿ ಪದ. ಎಲ್ಲೆಯನ್ನು ಅಳೆದು ಸ್ಥಿರಪಡಿಸುವುದಕ್ಕೆ ಹದ್ದುಬಸ್ತು ಎಂದು ಇಂದಿಗೂ ಕರ್ನಾಟಕದ ಭೂಮಾಪನ ಇಲಾಖೆಯು ಕರೆಯುತ್ತಿದೆ.

3. ಬೀದರದ ಆಧಾರರೇಖೆ

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಸೀಮೆಗೆ ಬೇರೊಂದು ಬಗೆಯ ಮಾಪಕರು ಬಂದರು. ಶ್ರೀರಂಗಪಟ್ಟಣವು ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಯು ಬೆಂಗಳೂರಿನಲ್ಲಿ ತನ್ನ ಮೊದಲ ಪ್ರಯೋಗವನ್ನು ನಡೆಸಿದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರರೇಖೆಯನ್ನು ಅಳೆದು, ಅಲ್ಲಿಂದ ಮುಂದೆ 78ನೆಯ ರೇಖಾಂಶದ ಸಮೀಪದಲ್ಲಿ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ತ್ರಿಕೋನಗಳ ಮಾಲೆಯನ್ನು ಹೆಣೆಯುತ್ತ ಸಾಗಿದನು. ಈ ಕಾರ್ಯಕ್ಕೆ 1818ರಿಂದ ಮಹಾ ತ್ರಿಕೋನಮಿತೀಯ ಮಾಪನವೆಂಬ ಹೆಸರು ಬಂದಿತು.

ತ್ರಿಕೋನಮಾಪನದ ತತ್ತ್ವವು ಸರಳವಾದುದು. ತ್ರಿಕೋನದ ಒಂದು ಬಾಹುವನ್ನು ನೆಲದ ಮೇಲೆ ಅಳೆದು, ಮೂರು ಕೋನಗಳನ್ನು ಉಪಕರಣದಿಂದ ಅಳೆದರೆ, ಉಳಿದ ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ದೊರೆತ ಬಾಹುವು ಮುಂದಿನ ತ್ರಿಕೋನಕ್ಕೆ ಆಧಾರವಾಗುತ್ತದೆ. ಹೀಗೆ ನೂರಾರು ಮೈಲಿ ಹೋದ ಮೇಲೆ ದೋಷವು ಸೇರಿಕೊಂಡಿದೆಯೇ ಎಂದು ಪರೀಕ್ಷಿಸಲು ಮತ್ತೊಂದು ಬಾಹುವನ್ನು ನೆಲದ ಮೇಲೆಯೇ ಅಳೆದು ಲೆಕ್ಕದೊಡನೆ ಹೋಲಿಸಬೇಕು. ಅಂಥ ಪರೀಕ್ಷಾರೇಖೆಯೊಂದನ್ನು ಲ್ಯಾಂಬ್ಟನ್ನನು 1815ರಲ್ಲಿ ಬೀದರದ ಬಳಿ ಅಳೆದನು. ಕೆಂಗಲ್ಲಿನ ಎತ್ತರದ ಬಯಲು, ಸುತ್ತಲೂ ತೆರೆದ ನೋಟ, ಏಳು ಮೈಲಿಗೂ ಮಿಕ್ಕಿ ನೇರವಾಗಿ ಸಾಗಬಲ್ಲ ಸಮತಲ, ಇವು ಆ ಕಾರ್ಯಕ್ಕೆ ಅನುಕೂಲವಾಗಿದ್ದವು.

ಸಾಧನವು 100 ಅಡಿ ಉದ್ದದ ಉಕ್ಕಿನ ಸರಪಳಿ. ಎರಡೂವರೆ ಅಡಿಯ 40 ಸರಳುಗಳನ್ನು ಕೂಡಿಸಿ ಲಂಡನ್ನಿನ ಜೆಸ್ಸಿ ರ್‍ಯಾಮ್ಸ್ಡೆನ್ ಮಾಡಿದ್ದು. ಅದನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಮರದ ದೋಣಿಗಳಲ್ಲಿಟ್ಟು, ಮುಕ್ಕಾಲಿಗಳ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಮೇಲೆ ಡೇರೆ ಹಾಕಿ, ಪಕ್ಕದಲ್ಲಿ ಉಷ್ಣಮಾಪಕವನ್ನಿಟ್ಟು ಓದುತ್ತಿದ್ದರು. ಇಷ್ಟು ಎಚ್ಚರಿಕೆ ಏಕೆಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಉಷ್ಣತೆಯು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಉಕ್ಕು ಒಂದು ಅಂಗುಲದ ಸುಮಾರು ಏಳನೆಯ ಒಂದು ಭಾಗದಷ್ಟು ಬೆಳೆಯುತ್ತದೆ. ಏಳೂವರೆ ಮೈಲಿಯ ರೇಖೆಯಲ್ಲಿ ಅದೇ ದೋಷವು ನಾಲ್ಕೂಮುಕ್ಕಾಲು ಅಡಿಯಾಗುತ್ತದೆ. ಬೀದರದ ಬಿಸಿಲಿನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇಷ್ಟು ವ್ಯತ್ಯಾಸವು ಅಪರೂಪವೇನಲ್ಲ. ಕೋನಗಳನ್ನು ಅಳೆಯಲು ಅರ್ಧ ಟನ್ ತೂಕದ, 36 ಅಂಗುಲ ವ್ಯಾಸದ ವರ್ತುಲವುಳ್ಳ ಥಿಯೊಡೊಲೈಟನ್ನು ಬಳಸಿದರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅದು ಗೋಡೆಗೆ ಬಡಿದು ಜಖಂಗೊಂಡಿದ್ದು, ಲ್ಯಾಂಬ್ಟನ್ನನು ಸ್ವತಃ ಅದನ್ನು ಸರಿಪಡಿಸಿಕೊಂಡಿದ್ದನು.

ಬೀದರದ ಈಶಾನ್ಯಕ್ಕೆ, ಈಗ ತೆಲಂಗಾಣಕ್ಕೆ ಸೇರಿದ ಪ್ರದೇಶದಲ್ಲಿ, ದಾಮರಗಿದ್ದ ಎಂಬ ಸ್ಥಾನವಿದೆ. ಅದರ ಅಕ್ಷಾಂಶವು 18 ಅಂಶ 3 ಕಲೆಗಳು. ಭಾಲ್ಕಿ ಪಟ್ಟಣವೂ ಹೆಚ್ಚುಕಡಮೆ ಇದೇ ಅಕ್ಷಾಂಶದ ಮೇಲಿದೆ. ಲ್ಯಾಂಬ್ಟನ್ನನು 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ ಬಳಿಕ ಅವನ ಸ್ಥಾನಕ್ಕೆ ಬಂದ ಜಾರ್ಜ್ ಎವರೆಸ್ಟನು, ದಾಮರಗಿದ್ದದಿಂದ ಮಧ್ಯಭಾರತದ ಕಲ್ಯಾಣಪುರದವರೆಗಿನ ಆರು ಅಂಶಗಳ ಚಾಪವನ್ನು ಕುರಿತು 1830ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಆ ವರ್ಷದ ಅವನ ಗಣನೆಯಿಂದ ದೊರೆತ ಭೂಗೋಲದ ಆಕಾರವೇ ಎವರೆಸ್ಟ್ ಗೋಲಾಭವೆಂದು ಹೆಸರಾಗಿ, ಭಾರತದ ಸ್ಥಳಾಕೃತಿ ನಕ್ಷೆಗಳಿಗೆ ಬಹುಕಾಲ ಆಧಾರವಾಗಿದ್ದಿತು. 1841ರಲ್ಲಿ ಬೀದರದ ರೇಖೆಯನ್ನು ಆಂಡ್ರೂ ವಾ ಎಂಬ ಅಧಿಕಾರಿಯು ಮತ್ತೆ ಅಳೆದನು. ಈ ಸಲ ಸರಪಳಿಯ ಬದಲು ಹಿತ್ತಾಳೆ ಮತ್ತು ಕಬ್ಬಿಣದ ಜೋಡಿ ಸರಳುಗಳನ್ನು ಬಳಸಲಾಯಿತು. ಎರಡು ಲೋಹಗಳೂ ಬೇರೆಬೇರೆ ಪ್ರಮಾಣದಲ್ಲಿ ಬೆಳೆಯುವುದರಿಂದ, ತುದಿಯ ಅಡ್ಡಪಟ್ಟಿಯ ಮೇಲಿನ ಒಂದು ಚುಕ್ಕೆಯು ಮಾತ್ರ ಉಷ್ಣತೆ ಬದಲಾದರೂ ಸ್ಥಿರವಾಗಿ ನಿಲ್ಲುವಂತೆ ಅವುಗಳನ್ನು ಜೋಡಿಸಲಾಗಿದ್ದಿತು.

ಈ ಮಾಪನದ ಫಲವು ಬೀದರವನ್ನು ಮೀರಿ ಹೋಯಿತು. ಉತ್ತರದ ಕಲಿಯಾನಾ, ನಡುವಣ ಕಲ್ಯಾಣಪುರ, ದಕ್ಷಿಣದ ದಾಮರಗಿದ್ದ ಈ ಮೂರು ಸ್ಥಾನಗಳ ಅಕ್ಷಾಂಶಗಳನ್ನು ನಕ್ಷತ್ರಗಳಿಂದ ಕಂಡುಹಿಡಿದಾಗ ಬಂದ ಬೆಲೆಗೂ ತ್ರಿಕೋನಗಳಿಂದ ಬಂದ ಬೆಲೆಗೂ ಸ್ವಲ್ಪ ಅಂತರವುಳಿಯಿತು. ಕಲಿಯಾನಾ-ಕಲ್ಯಾಣಪುರಗಳ ನಡುವೆ ಅದು ಐದು ವಿಕಲೆಗಿಂತ ತುಸು ಹೆಚ್ಚು. ಹಿಮಾಲಯವು ತೂಗುಗುಂಡನ್ನು ಎಳೆಯುತ್ತದೆಯೆಂಬ ವಿಚಾರದಿಂದ ಹೊರಟು, 1855ರಲ್ಲಿ ಪ್ರಾಟ್ ಮತ್ತು ಏರಿ ಎಂಬ ವಿದ್ವಾಂಸರು ಮಂಡಿಸಿದ ವಾದಗಳಿಂದ ಪರ್ವತಗಳ ಸಮತೋಲದ ಸಿದ್ಧಾಂತವೇ ಬೆಳೆಯಿತು. ಆದರೆ ಇಷ್ಟು ಸೂಕ್ಷ್ಮವಾದ ಈ ಮಾಪನವು ತಾನು ದಾಟಿಹೋದ ಹೊಲಗಳಲ್ಲಿ ಒಂದರ ಬದುವನ್ನಾದರೂ ಗುರುತಿಸಲಿಲ್ಲ. ಅದು ಅದರ ಕೆಲಸವೂ ಆಗಿರಲಿಲ್ಲ.

4. ಹೊಲದ ಸರಪಳಿ

ಹೊಲದ ಮಾಪನವು ಬಂದುದು ನಿಜಾಮರ ಸರ್ಕಾರದ ಕಂದಾಯ ಸುಧಾರಣೆಯೊಡನೆ. ಮೊದಲನೆಯ ಸಾಲಾರಜಂಗನು 1860ರ ದಶಕದಲ್ಲಿ ಜಿಲ್ಲಾಬಂದಿಯನ್ನು ಜಾರಿಗೆ ತಂದು, 1870ರ ದಶಕದಲ್ಲಿ ಭೂಮಾಪನ ಮತ್ತು ಬಂದೋಬಸ್ತಿನ ಇಲಾಖೆಯನ್ನು ಸ್ಥಾಪಿಸಿದನು. ಮಾದರಿಯಾಗಿ ಆರಿಸಿಕೊಂಡುದು ಮುಂಬಯಿ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬವರು ರೂಪಿಸಿದ್ದ, 1847ರ ಸಂಯುಕ್ತ ವರದಿಯಲ್ಲಿ ನಿಯಮಗೊಂಡ ಪದ್ಧತಿಯನ್ನು. ಬೀದರ ಸೀಮೆಯ ಭೂಮಾಪನದ ಮಾತುಗಳಲ್ಲಿ ಮರಾಠಿಯ ಪಾಲು ಅಧಿಕವಾಗಿರುವುದಕ್ಕೆ ನೆರೆಹೊರೆಯ ಬಳಕೆಯಷ್ಟೇ ಈ ಪದ್ಧತಿಯೂ ಕಾರಣವೆಂದು ನಮಗೆ ತೋರುತ್ತದೆ.

ಈ ಪದ್ಧತಿಯ ಸರಪಳಿಯು 33 ಅಡಿಯದು. ಅದರಲ್ಲಿ 16 ಆಣೆಗಳು. ಒಂದು ಚದರ ಸರಪಳಿಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೀಗೆ ರೂಪಾಯಿ-ಆಣೆಯ ಲೆಕ್ಕ ಬಲ್ಲ ಯಾವ ಗುಮಾಸ್ತನಾದರೂ ಕ್ಷೇತ್ರಫಲವನ್ನು ತೆಗೆಯಬಹುದಾಗಿತ್ತು. ಹೊಲದ ಉದ್ದಕ್ಕೆ ಒಂದು ಆಧಾರರೇಖೆಯನ್ನು ಹಿಡಿದು, ಒಂದಕ್ಕೊಂದು ಲಂಬವಾದ ಎರಡು ಸೀಳುಗಳುಳ್ಳ ಕ್ರಾಸ್ ಸ್ಟಾಫ್ ಎಂಬ ಕೋಲನ್ನು ಆ ರೇಖೆಯ ಮೇಲೆ ನಿಲ್ಲಿಸಿ, ಪ್ರತಿಯೊಂದು ಮೂಲೆಗೂ ಲಂಬವನ್ನು ಅಳೆಯುತ್ತಿದ್ದರು. ಹನ್ನೆರಡು ಸರಪಳಿಯ ಆಧಾರ, ಐದು ಸರಪಳಿಯ ಲಂಬವಿರುವ ತ್ರಿಕೋನವು 30 ಗುಂಟೆಯಾಗುತ್ತದೆ. ಈ ಅಳತೆಗಳನ್ನು ಬರೆದ ಕೈನಕ್ಷೆಯೇ ಟಿಪ್ಪಣ. ಅದು ಪ್ರಮಾಣಕ್ಕೆ ಸರಿಯಾಗಿ ಬರೆದ ಚಿತ್ರವಲ್ಲ. ಆದರೆ ಅದರಲ್ಲಿ ಅಂಕಿಗಳಿವೆ. ಎಲ್ಲ ಹೊಲಗಳನ್ನೂ ಒಂದು ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಕೂಡಿಸಿ ಬರೆದುದು ಗ್ರಾಮನಕ್ಷೆ.

ಇವೆರಡರ ಭೇದವನ್ನು ಅರಿಯದಿರುವುದರಿಂದ ಆಗುವ ಅನರ್ಥವು ಅಲ್ಪವಾದುದಲ್ಲ. ಗ್ರಾಮನಕ್ಷೆಯಲ್ಲಿ ಒಂದು ಅಂಗುಲವೆಂದರೆ ನೆಲದ ಮೇಲೆ 660 ಅಡಿ. ಅಂಗುಲದ ಐವತ್ತನೆಯ ಒಂದು ಭಾಗ ದಪ್ಪದ ಶಾಯಿಗೆರೆಯು ನೆಲದ ಮೇಲೆ 13 ಅಡಿಗೂ ಹೆಚ್ಚು ಅಗಲವಾಗುತ್ತದೆ. ಮೂರು ಅಡಿಯ ಬದುವಿಗಾಗಿ ಹೂಡಿದ ವ್ಯಾಜ್ಯವನ್ನು ಇಂಥ ಗೆರೆಯಿಂದ ತೀರಿಸುವುದು ಹೇಗೆ? ಅದಕ್ಕೆ ಟಿಪ್ಪಣದ ಅಂಕಿಗಳೇ ಶರಣು. ಆ ಅಂಕಿಗಳಿಗೂ ಮಿತಿಯುಂಟು. ಎಳೆದೆಳೆದು ಸರಪಳಿಯ ಕೊಂಡಿಗಳು ತೆರೆದು 33 ಅಡಿಗೆ ಮೂರು ಅಂಗುಲ ಬೆಳೆದಿದ್ದರೆ, ಹತ್ತು ಎಕರೆಯ ಹೊಲವು ಕಾಗದದ ಮೇಲೆ ಸುಮಾರು ಆರು ಗುಂಟೆ ಕಡಮೆಯಾಗಿ ಕಾಣುತ್ತದೆ. ಬೀದರದ ಆಧಾರರೇಖೆಯ ಬಳಿ ಉಷ್ಣಮಾಪಕ ಹಿಡಿದು ನಿಂತ ಎಚ್ಚರಿಕೆಯನ್ನು ಸಾವಿರಾರು ಹೊಲಗಳ ಮಾಪನದಲ್ಲಿ ನಿರೀಕ್ಷಿಸುವಂತಿಲ್ಲವಷ್ಟೆ.

ನೆಲದ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಬೀದರ ನಗರದ ಸುತ್ತ ಕೆಂಗಲ್ಲಿನ ಗಟ್ಟಿ ನೆಲವಿದ್ದರೆ, ಭಾಲ್ಕಿ ಮತ್ತು ಔರಾದದ ಕಡೆ ಕಪ್ಪು ಎರೆಭೂಮಿಯು ವಿಸ್ತಾರವಾಗಿದೆ. ಎರೆಯು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ನೆಟ್ಟ ಬಾಂದಿನ ಕಲ್ಲು ವರ್ಷವರ್ಷಕ್ಕೆ ವಾಲಿ ಕುಸಿಯುವುದುಂಟು. ಮಾಂಜ್ರಾ ನದಿಯ ದಂಡೆಯಲ್ಲಿ ಪ್ರವಾಹವೂ ತನ್ನ ಕೆಲಸ ಮಾಡುತ್ತದೆ. ಕಲ್ಲು ಸರಿದಾಗಲೆಲ್ಲ ನೆರೆಯವನೇ ಸರಿಸಿದನೆಂಬ ಸಂಶಯವು ಹುಟ್ಟಿ, ಮನೆತನಗಳ ನಡುವೆ ಹಗೆ ಬೆಳೆಯಲು ಅಷ್ಟೇ ಸಾಕಾಗುತ್ತದೆ.

ಮುಂಬಯಿ ಪದ್ಧತಿಯಲ್ಲಿ ಇನ್ನೊಂದು ಸಂಗತಿಯಿದ್ದಿತು. ಒಂದು ಜೋಡಿ ಎತ್ತು ಉಳಬಲ್ಲಷ್ಟು ನೆಲಕ್ಕೆ ಒಂದು ನಂಬರನ್ನು ಕೊಡುವುದು ಅದರ ಆಶಯ. ಚಿಕ್ಕ ಹಿಡುವಳಿಗಳನ್ನು ಒಂದೇ ನಂಬರಿನಲ್ಲಿ ಸೇರಿಸುತ್ತಿದ್ದರು. ಸಾಗುವಳಿಗೆ ಒದಗದ ನೆಲವನ್ನು ಖರಾಬೆಂದು ಕಳೆದು, ಮಣ್ಣಿನ ಗುಣವನ್ನು ಹದಿನಾರಾಣೆಯ ಲೆಕ್ಕದಲ್ಲಿ ಭಾಗಾಣೆಯಾಗಿ ಕಟ್ಟಿ, ನಂಬರಿನ ಮೇಲೆ ಆಕಾರವನ್ನು ಗೊತ್ತುಮಾಡಿದ ಪಟ್ಟಿಯೇ ಆಕಾರಬಂದು. ಸರ್ಕಾರಕ್ಕೆ ಕಂದಾಯವೇ ಮುಖ್ಯವಾದುದರಿಂದ ಇಷ್ಟು ಸಾಕಾಯಿತು. ಆದರೆ ಅಣ್ಣತಮ್ಮಂದಿರು ಪಾಲಾದಾಗ ನಂಬರು ಒಂದೇ ಉಳಿದು ಹಿಸ್ಸೆಗಳು ಕಾಗದದಲ್ಲಿ ಮಾತ್ರ ಹುಟ್ಟಿದವು. ಹಿಸ್ಸೆಯನ್ನು ಅಳೆದು ಬೇರ್ಪಡಿಸುವ ಪೋಡಿಯ ಕಾರ್ಯವು ಆಗದಿದ್ದರೆ, ಎಷ್ಟು ಗುಂಟೆ ಎಂಬುದು ತಿಳಿಯುತ್ತದೆ. ಎಲ್ಲಿಯ ಗುಂಟೆ ಎಂಬುದು ತಿಳಿಯುವುದಿಲ್ಲ. ಇಂದು ನಂಬರಿನ ಒಂದು ಭಾಗವನ್ನು ಮಾರಬೇಕಾದರೆ 11-ಇ ನಕ್ಷೆಯನ್ನು ಕೇಳುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ.

5. ದಾಖಲೆಯ ಭಾಷೆ

ಹೈದರಾಬಾದು ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದುವು ಆಡಳಿತಭಾಷೆಯಾಗಿ ಬಂದಿತು. 1317ನೆಯ ಫಸಲಿಯ, ಎಂದರೆ 1907ರ ಸುಮಾರಿನ, ಭೂಕಂದಾಯ ಶಾಸನವೂ ಅದರ ಮೇಲೆ ನಡೆದ ಆಡಳಿತವೂ ಆ ಭಾಷೆಯಲ್ಲಿಯೇ ಬೆಳೆದವು. ಫಸಲಿಗೆ 590ನ್ನು ಕೂಡಿಸಿದರೆ ಕ್ರಿಸ್ತಶಕವು ದೊರೆಯುತ್ತದೆ. ಹಳ್ಳಿಯಲ್ಲಿ ಮಾಲಿ ಪಟೇಲ, ಪಟವಾರಿ. ಅವರ ಮೇಲೆ ಗಿರ್ದಾವರ. ಅವನ ಮೇಲೆ ತಹಸೀಲ್ದಾರ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ರೈತನ ಹಕ್ಕಿನ ಮೂಲದಾಖಲೆಯಾದ ಸೇತವಾರವು ಉರ್ದುವಿನಲ್ಲಿರುತ್ತಿದ್ದಿತು. ಓದಿ ಹೇಳುವವನ ಮಾತನ್ನು ನಂಬುವುದೇ ಅವನಿಗಿದ್ದ ಮಾರ್ಗ.

1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿಗೂ, ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ ತಾಲ್ಲೂಕು ಮತ್ತು ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ ಆಂಧ್ರಕ್ಕೂ ಸೇರಿದವು. ಬೀದರ, ಭಾಲ್ಕಿ, ಔರಾದಗಳುಳ್ಳ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಭಾಷಾವಾರು ರಾಜ್ಯದ ಎಲ್ಲೆಯನ್ನು ಎಳೆಯುವಾಗಲೂ ಕೈಗೆ ಸಿಕ್ಕ ಸಾಧನವು ಕಂದಾಯದ ವೃತ್ತವೇ ಆಗಿದ್ದಿತು. ಗಿರ್ದಾವರನು ಸುತ್ತಾಡುವ ಅನುಕೂಲಕ್ಕೆಂದು ಮಾಡಿದ ಗೆರೆಯು ರಾಜ್ಯಗಳ ಗಡಿಯಾಯಿತು.

1964ರ ಭೂಕಂದಾಯ ಶಾಸನದಿಂದ ಇಡೀ ರಾಜ್ಯಕ್ಕೆ ಒಂದೇ ಕಾನೂನು ಬಂದಿತು. ಪಟೇಲ, ಪಟವಾರಿಗಳ ವಂಶಪಾರಂಪರ್ಯದ ಹುದ್ದೆಗಳು ಹೋದವು. ಪಹಣಿಯು ಕನ್ನಡದಲ್ಲಿ ಬಂದಿತು. 2000ರ ಸುಮಾರಿಗೆ ಭೂಮಿ ಯೋಜನೆಯಲ್ಲಿ ಅದು ಗಣಕಯಂತ್ರವನ್ನೂ ಸೇರಿತು. ಆದರೆ ಪಹಣಿಯು ಹಳೆಯ ದಾಖಲೆಯ ಮುಂದುವರಿಕೆಯೇ ಹೊರತು ಹೊಸ ಮಾಪನವಲ್ಲ. ಮೂಲದಲ್ಲಿದ್ದ ತಪ್ಪನ್ನು ಅದು ಅಚ್ಚುಕಟ್ಟಾದ ಅಕ್ಷರಗಳಲ್ಲಿ ಮುಂದಕ್ಕೆ ಕೊಂಡೊಯ್ಯುತ್ತದೆ. ವ್ಯಾಜ್ಯವು ಮೂಲಕ್ಕೆ ಹೋದಾಗ ಮತ್ತೆ ಉರ್ದುವಿನ ಸೇತವಾರವೂ ಟಿಪ್ಪಣವೂ ಬೇಕಾಗುತ್ತವೆ.

6. ಎರಡು ಮಾಪನಗಳ ಸಂಗಮ

ಆರಂಭದಲ್ಲಿ ಹೇಳಿದ ಎರಡು ಮಾಪನಗಳು ಈಗ ಒಂದನ್ನೊಂದು ಸಂಧಿಸತೊಡಗಿವೆ. ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ಗೊತ್ತುಮಾಡುವ ಯಂತ್ರವು ಹೊಲದ ಮೂಲೆಯನ್ನು ಭೂಗೋಲದ ಅಕ್ಷಾಂಶ-ರೇಖಾಂಶಗಳಲ್ಲಿಯೇ ಹೇಳುತ್ತದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ, ಸರ್ವೆ ನಂಬರಿಲ್ಲದೆ ಉಳಿದಿದ್ದ ಗಾವಠಾಣದ ಮನೆ-ನಿವೇಶನಗಳನ್ನು ಡ್ರೋನುಗಳಿಂದ ಅಳೆಯಲಾಗುತ್ತಿದೆ. ಲ್ಯಾಂಬ್ಟನ್ನನ ಸೂಕ್ಷ್ಮತೆಯು ಕೊನೆಗೆ ರೈತನ ಬದುವಿನವರೆಗೆ ಇಳಿದುಬಂದಿದೆಯೆನ್ನಬಹುದು.

ಇದು ಸಂತೋಷದ ವಿಷಯವೇ ಸರಿ. ಆದರೆ ಯಂತ್ರವು ಹೇಳುವುದು ಬಿಂದುವು ಎಲ್ಲಿದೆಯೆಂಬುದನ್ನು. ಅದೇ ಬಿಂದುವು ಎಲ್ಲೆಯೆಂಬುದನ್ನು ಹೇಳಬೇಕಾದುದು ದಾಖಲೆ ಮತ್ತು ಸಾಕ್ಷಿ. ವಾಲಿದ ಕಲ್ಲನ್ನು ಅಂಗುಲದ ನಿಖರತೆಯಿಂದ ಗುರುತಿಸಿದರೆ, ವಾಲಿದ ಎಲ್ಲೆಯು ನಿಖರವಾಗಿ ಶಾಶ್ವತವಾಗುತ್ತದೆ. ಕಲ್ಯಾಣದ ವ್ಯಾಖ್ಯಾನಕಾರನು ಕರೆಯಿಸಿದ ನೆರೆಹೊರೆಯವರನ್ನೂ ವೃದ್ಧರನ್ನೂ ಇಂದಿನ ಭೂಮಾಪಕನು ಪಂಚನಾಮೆಗೆ ಕರೆಯಲೇಬೇಕಾಗಿರುವುದು ಇದಕ್ಕಾಗಿ.

ಆದುದರಿಂದ ಹಳೆಯ ದಾಖಲೆಗಳನ್ನು ಓದಬಲ್ಲವರು ಇರುವಾಗಲೇ ಎರಡು ಕಾರ್ಯಗಳು ಆಗಬೇಕೆಂದು ನಾವು ಭಾವಿಸುತ್ತೇವೆ. ಬೀದರ, ಭಾಲ್ಕಿ, ಔರಾದಗಳ ದಾಖಲೆ ಕೋಣೆಗಳಲ್ಲಿರುವ ಉರ್ದು ಕಾಗದಗಳು ಕನ್ನಡ ಲಿಪಿಗೆ ಬರಬೇಕು. ಮತ್ತರಿನಿಂದ 11-ಇ ನಕ್ಷೆಯವರೆಗಿನ ಈ ಸೀಮೆಯ ಭೂಮಾಪನದ ಪದಗಳಿಗೆ, ಅಳತೆ ಮತ್ತು ಕಾಲಗಳ ವಿವರದೊಡನೆ, ಒಂದು ಕೋಶವು ಸಿದ್ಧವಾಗಬೇಕು. ಇದು ಭಾಷಾಶಾಸ್ತ್ರಜ್ಞರ ಕುತೂಹಲಕ್ಕಾಗಿ ಮಾತ್ರ ಬೇಕಾದುದಲ್ಲ. ಖರಾಬು, ಹಿಸ್ಸೆ, ಪೋಡಿ ಎಂಬ ಮಾತುಗಳ ಅರ್ಥವನ್ನು ತಾನೇ ತಿಳಿದ ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಿಕೊಳ್ಳಬಲ್ಲನು.